‘ಪೊಲೊತ್ನೊ’ಗೆ ಕನ್ನಡದಲ್ಲಿ ಏನನ್ನೋಣ? ‘ಪಟ’ಕ್ಕೂ ಅದಕ್ಕೂ ನಂಟಿದೆಯೇ?

ಗೆಳೆಯರೇ, ರಷ್ಯದ ಹಳ್ಳಿ ನೇಯ್ಗೆಯ ಪ್ರದರ್ಶನವೊಂದಕ್ಕೆ ಫಲಕ ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಕೊಡಬೇಕು. ‘ಪೊಲೊತ್ನೊ’ ಅಂದರೆ ಅಗಸೆ ನಾರಿನ ಸಾದಾ ಬಟ್ಟೆ. ‘ನಾರುಮಡಿ’ ಅನ್ನಬಹುದಾ? ಮೂಲದಲ್ಲಿ ‘ಇದು ಸಂಸ್ಕೃತದ ಪಟದಿಂದ ಬಂದ ಪದ’ ಎಂದೂ ಇದೆ (ಪಟ ಅಂದರೆ ಬಟ್ಟೆ). ಹಾಗೇ ಬಿಡಲಾ?

ಉತ್ತರ 1:
ನಾರುಮಡಿ ಎಂದೇ ಬರೆಯಿರಿ. ಇಂಗ್ಲಿಷಿನ ‘ಲಿನನ್’ ಮಾತ್ರ ಬೇಡ. ಎರವಲು ಪದ ಒಳಗೆ ಬಂದಷ್ಟೂ ನಮ್ಮ ಪದ ಸಾಯುತ್ತದೆ. ಪಟದ ಮಾತು ಚರ್ಚೆಗೇ ಯೋಗ್ಯವಲ್ಲ.

ಉತ್ತರ 2:
ನಾರುಮಡಿ ಸಲ್ಲದು. ಅದನ್ನು ಓದಿದರೆ ಕಾಡಿಗೆ ಹೊರಟ ರಾಮ, ಸೀತೆ ನೆನಪಾಗುತ್ತಾರೆ, ರಷ್ಯದ ರೈತರಲ್ಲ. ‘ಅಗಸೆ ನಾರಿನ ಬಟ್ಟೆ’ ಅನ್ನಿ, ಸಾಕು.

‘ಪಟದಿಂದ ಬಂದ’ ಅನ್ನುವ ಸಾಲು ತೆಗೆದುಬಿಡಿ. ಬಂದದ್ದಲ್ಲ, ಹೆಚ್ಚೆಂದರೆ ಒಡಹುಟ್ಟು. ರಷ್ಯನ್, ಚೆಕ್, ಸರ್ಬಿಯನ್‌ಗಳ ತಾಯಿ ಭಾಷೆಯಾದ ಮೂಲ ಸ್ಲಾವಿಕ್‌ನಲ್ಲಿ ಇದರ ರೂಪ ‘ಪೊಲ್ತಿನೊ’. ಆ ‘ಒಲ್’ ರಷ್ಯನ್ನಿನಲ್ಲಿ ‘ಒಲೊ’ ಆಯಿತು, ಚೆಕ್ ಮತ್ತು ಸರ್ಬಿಯನ್ನಿನಲ್ಲಿ ‘ಲಾ’ ಆಗಿ ‘ಪ್ಲಾತ್ನೊ’ ಉಳಿಯಿತು. ನೊವ್ಗೊರೊದ್‌ನ ‘ಗೊರೊದ್’, ಬೆಲ್‌ಗ್ರೇಡ್‌ನ ‘ಗ್ರಾದ್’ ಬೇರೆಯಾದದ್ದೂ ಹೀಗೇ. ಲ್ ಮತ್ತು ತ್ ಕೂಡಿದರೆ ಸಂಸ್ಕೃತದಲ್ಲಿ ಟಕಾರ ಆಗುತ್ತದೆ ಎಂದು ರಷ್ಯದ ಭಾಷಾವಿಜ್ಞಾನಿ ಫೊರ್ತುನಾತೊವ್ 1881ರಲ್ಲಿ ಹೇಳಿದ. ಅದರಂತೆ ‘ಪೊಲ್ತ್’ ಇಲ್ಲಿ ‘ಪಟ’. ಲೆಕ್ಕ ಚೆನ್ನಾಗಿ ಕೂಡುತ್ತದೆ, ಆದರೆ ಆ ನಿಯಮವನ್ನೇ ಒಪ್ಪದ ಪಂಡಿತರಿದ್ದಾರೆ. ಫಲಕಕ್ಕೆ ಹಾಕುವಷ್ಟು ಗಟ್ಟಿಯಲ್ಲ.

ಆ ಜಾಗಕ್ಕೆ ಒಂದು ಸಂಗತಿ ಬೇಕಿದ್ದರೆ ಇದನ್ನು ಹಾಕಿ: ಬಾಲ್ಟಿಕ್ ಸಮುದ್ರದ ರ್‍ಯೂಗೆನ್ ದ್ವೀಪದ ಸ್ಲಾವರಲ್ಲಿ ನಾಣ್ಯವಿರಲಿಲ್ಲ, ಸಂತೆಯಲ್ಲಿ ಅಗಸೆ ಬಟ್ಟೆ ಕೊಟ್ಟೇ ಕೊಳ್ಳುತ್ತಿದ್ದರು ಎಂದು 12ನೇ ಶತಮಾನದ ಪಾದ್ರಿ ಹೆಲ್ಮೋಲ್ಡ್ ಬರೆದಿದ್ದಾನೆ. ರಷ್ಯನ್ನಿನಲ್ಲಿ ಹಣ ಕೊಡುವುದಕ್ಕೆ ‘ಪ್ಲಾತಿತ್’ ಅನ್ನುವುದು ಬಟ್ಟೆ ತುಂಡು ಅನ್ನುವ ‘ಪ್ಲಾತ್’ನಿಂದ. ಇದನ್ನು ಪೊಲೊತ್ನೊ ಜೊತೆ ಸುಮ್ನೆ ಗಂಟು ಹಾಕಬೇಡಿ. ಪೋಲಿಷ್‌ನಲ್ಲೂ ಎರಡರ ಸ್ವರ ಬೇರೆ ಬೇರೆ.

ಇನ್ನು ಉತ್ತರ 1ರ ಎರವಲಿನ ಮಾತು. ಸ್ಲಾವರ ‘ಪೊಲ್ತಿನೊ’ ಪದವನ್ನು ಹಿಂದೆ ಫಿನ್ನರು ತೆಗೆದುಕೊಂಡರು. ಇವತ್ತಿಗೂ ಅವರಲ್ಲಿ ಅಗಸೆ ಬಟ್ಟೆಗೆ ‘ಪಲ್ತ್ತಿನ’ ಅನ್ನುತ್ತಾರೆ. ನಿಧಾನವಾಗಿ ಉಚ್ಚರಿಸಿ ನೋಡಿ. ಲ್ ಮತ್ತು ತ್ ಒಂದಕ್ಕೊಂದು ಅಂಟಿಕೊಂಡೇ ಇವೆ, ರಷ್ಯನ್ ನಡುವೆ ತೂರಿಸಿದ ಸ್ವರ ಇಲ್ಲ. ರಷ್ಯನ್ ಕಳೆದುಕೊಂಡ ಇಕಾರವೂ ಇದೆ. ಹೆತ್ತವರ ಮನೆಯಲ್ಲಿ ಅಳಿದ ರೂಪವನ್ನು ಎರವಲು ಪಡೆದವರು ಕಾಪಾಡಿದ್ದಾರೆ! ಎರವಲಿಂದ ಪದ ಸಾಯುತ್ತದೆ ಎಂದು ಒಂದೇ ಮಾತಲ್ಲಿ ಹೇಳುವವರು ಇದಕ್ಕೇನು ಹೇಳುತ್ತಾರೆ? ಅಗಸೆಯೂ ಸಂಸ್ಕೃತದ ‘ಅತಸೀ’ಯ ತದ್ಭವ ಅಲ್ವಾ? ಅದನ್ನೂ ಹೊರಗೆ ಹಾಕೋಣವೇ?

ಫಲಕಕ್ಕೆ: ‘ಪೊಲೊತ್ನೊ, ಅಗಸೆ ನಾರಿನ ಸಾದಾ ಬಟ್ಟೆ’. ಅಚ್ಚಿಗೆ ಕೊಡಿ.