ರೌಟರ್ ಕೈಪಿಡಿಯಲ್ಲಿ ‘ರಿಕವರಿ’ಗೆ ಒಂದೇ ಕನ್ನಡ ಪದ ಸಾಕೇ?

ಮಾನ್ಯರೇ,

ಸಿಸ್ಕೋ ರೌಟರ್‌ಗಳನ್ನು ಅಣಿಗೊಳಿಸುವ, ನೋಡಿಕೊಳ್ಳುವ ಮತ್ತು ಕೆಟ್ಟಾಗ ಸರಿಪಡಿಸುವ ಬಗೆಯನ್ನು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾನ್ಫಿಗರೇಶನ್‌ಗೆ ‘ಸಂರಚನೆ’ ಎಂಬ ಪದವನ್ನು ಇಟ್ಟುಕೊಂಡಿದ್ದೇನೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತೊಡಕಾಗಿರುವುದು ರಿಕವರಿ. ಮೊಬೈಲ್ ಫೋನಿನ ತೆರೆಗಳಲ್ಲಿ ‘ಮರುಪಡೆಯುವಿಕೆ’ ಎಂದೂ ಪತ್ರಿಕೆಗಳಲ್ಲಿ ‘ಚೇತರಿಕೆ’ ಎಂದೂ ಕಾಣುವ ಈ ಪದದ ಅಡಿಯಲ್ಲಿ, ರೌಟರ್‌ನ ಮಟ್ಟಿಗೆ, ಒಂದಕ್ಕೊಂದು ಹೋಲದ ಮೂರು ಕೆಲಸಗಳು ಅಡಗಿವೆ.

ಮೊದಲನೆಯದು ಪಾಸ್‌ವರ್ಡ್ ರಿಕವರಿ. ರೌಟರ್‌ಗೆ ವಿದ್ಯುತ್ ಕೊಟ್ಟ ಮೊದಲ ನಿಮಿಷದೊಳಗೆ ಕನ್ಸೋಲ್‌ನಿಂದ ಬ್ರೇಕ್ ಸಂಕೇತ ಕಳುಹಿಸಿ, ಮುಖ್ಯ ತಂತ್ರಾಂಶ ಏಳುವ ಮೊದಲಿನ ರಾಮ್‌ಮಾನ್ (ROMMON) ಸ್ಥಿತಿಗೆ ಹೋಗುತ್ತೇವೆ. ರೌಟರ್ ಹೇಗೆ ಏಳಬೇಕೆಂದು ಹೇಳುವ ಕಾನ್ಫಿಗರೇಶನ್ ರಿಜಿಸ್ಟರ್‌ನ ಬೆಲೆಯನ್ನು ಹದಿನಾರರ ಎಣಿಕೆಯಲ್ಲಿ 2102ರಿಂದ 2142ಕ್ಕೆ ಬದಲಿಸುತ್ತೇವೆ. ಆಗ ರೌಟರ್, ವಿದ್ಯುತ್ ಹೋದರೂ ಅಳಿಯದ ನೆನಪಾದ ಎನ್‌ವಿರ‍್ಯಾಮ್‌ನಲ್ಲಿರುವ ಸಂರಚನೆಯನ್ನು ಓದದೆಯೇ, ಅಂದರೆ ಪಾಸ್‌ವರ್ಡನ್ನೂ ಕೇಳದೆಯೇ, ಮೇಲೇಳುತ್ತದೆ. ಒಳಹೊಕ್ಕ ಮೇಲೆ ಹಳೆಯ ಸಂರಚನೆಯನ್ನು ತಂದುಕೊಂಡು, ಹೊಸ ಪಾಸ್‌ವರ್ಡ್ ಹಾಕಿ, ರಿಜಿಸ್ಟರನ್ನು ಮತ್ತೆ 2102ಕ್ಕೆ ತಿರುಗಿಸಿ, ಉಳಿಸುತ್ತೇವೆ. ಈ ಸರಣಿಯ ಯಾವ ಹಂತದಲ್ಲಿಯೂ ಹಳೆಯ ಪಾಸ್‌ವರ್ಡ್ ನಮ್ಮ ಕೈಗೆ ಬರುವುದಿಲ್ಲ. ಎನೇಬಲ್ ಸೀಕ್ರೆಟ್ ಎಂಬ ಆ ಪಾಸ್‌ವರ್ಡ್ ಹಿಂದಕ್ಕೆ ಬಿಡಿಸಲಾಗದ ಹ್ಯಾಶ್ ರೂಪದಲ್ಲಿ ಇರುವುದರಿಂದ ಬರುವಂತೆಯೂ ಇಲ್ಲ. ನನ್ನ ಕರಡಿನಲ್ಲಿ ‘ಪಾಸ್‌ವರ್ಡ್ ಮರುಪಡೆಯುವಿಕೆ’ ಎಂದು ಓದಿದ ವಿದ್ಯಾರ್ಥಿನಿಯೊಬ್ಬಳು ಎಲ್ಲ ಹಂತಗಳನ್ನೂ ಸರಿಯಾಗಿ ಮುಗಿಸಿ, “ಸರ್, ಹಳೆಯ ಪಾಸ್‌ವರ್ಡ್ ಎಲ್ಲಿ ಕಾಣುತ್ತದೆ?” ಎಂದು ಕೇಳಿದಳು. ತಪ್ಪು ಅವಳದಲ್ಲ, ನಾನು ಬಳಸಿದ ಪದದ್ದು. ಬೀಗದ ಕೈ ಕಳೆದಾಗ ಬೀಗವನ್ನೇ ಬದಲಿಸಿದರೆ ಕೈ ಸಿಕ್ಕಿತು ಎಂದು ನಾವು ಹೇಳುವುದಿಲ್ಲ. ಹಾಗಾಗಿ ಇದನ್ನು ‘ಮರೆತ ಪಾಸ್‌ವರ್ಡಿನ ಬದಲಾವಣೆ’ ಎಂದು ಬರೆಯಲು ನಿರ್ಧರಿಸಿದ್ದೇನೆ.

ಎರಡನೆಯದು, ಫ್ಲ್ಯಾಶ್‌ನಲ್ಲಿರುವ ಐಒಎಸ್, ಅಂದರೆ ರೌಟರನ್ನು ನಡೆಸುವ ಸಿಸ್ಕೋ ತಂತ್ರಾಂಶ, ಅಳಿಸಿಹೋಗಿಯೋ ಕೆಟ್ಟುಹೋಗಿಯೋ ರೌಟರ್ ರಾಮ್‌ಮಾನ್‌ನಲ್ಲಿಯೇ ನಿಂತಾಗ, ಟಿಎಫ್‌ಟಿಪಿ ಎಂಬ ಸರಳ ಕಡತ ವರ್ಗಾವಣೆಯ ವಿಧಾನದ ಮೂಲಕ ಬೇರೊಂದು ಗಣಕದಿಂದ ಪ್ರತಿಯನ್ನು ಇಳಿಸಿ ಅದನ್ನು ನಡೆಯುವಂತೆ ಮಾಡುವುದು. ಇಲ್ಲಿ ‘ಚೇತರಿಕೆ’ ಅರ್ಥಕ್ಕೆ ಹತ್ತಿರವಾಗಿದೆ. ಆದರೆ ಚೇತರಿಸಿಕೊಳ್ಳುವುದು ರೋಗಿ ತಾನೇ ಮಾಡುವ ಕೆಲಸ; ‘ರೌಟರ್ ಚೇತರಿಸಿಕೊಂಡಿತು’ ಎನ್ನಬಹುದು, ‘ತಂತ್ರಜ್ಞ ರೌಟರನ್ನು ಚೇತರಿಸಿದ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಕೆಲಸದ ಜಾಗದಲ್ಲಿ ನಮ್ಮ ಹುಡುಗರು ‘ಲಿಂಕ್ ಬಿತ್ತು’, ‘ರೌಟರ್ ಇನ್ನೂ ಎದ್ದಿಲ್ಲ’ ಎಂದೇ ಮಾತನಾಡುತ್ತಾರೆ. ಬೀಳುವುದು ಮತ್ತು ಏಳುವುದು ಆಗಲೇ ಬಳಕೆಯಲ್ಲಿರುವಾಗ ‘ಎಬ್ಬಿಸು’ ಎಂಬುದನ್ನು ಕೈಪಿಡಿಗೆ ತರಲು ನನಗೆ ಹಿಂಜರಿಕೆಯಿಲ್ಲ.

ಮೂರನೆಯದು ಸಂರಚನೆಯನ್ನು ಹಿಂದಿನ ಸ್ಥಿತಿಗೆ ತರುವುದು, ಮತ್ತು ನನ್ನನ್ನು ಹೆಚ್ಚು ಕಾಡಿರುವುದು ಇದೇ. ‘ಮರುಸ್ಥಾಪನೆ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಉಳಿಸಿದ ಸಂರಚನೆಯನ್ನು ಕಾಪಿ ಆದೇಶದಿಂದ ರನ್ನಿಂಗ್-ಕಾನ್ಫಿಗ್‌ಗೆ, ಅಂದರೆ ರೌಟರ್ ಆ ಹೊತ್ತಿಗೆ ಬಳಸುತ್ತಿರುವ ಸಂರಚನೆಗೆ, ತಂದಾಗ ಐಒಎಸ್ ಹಳೆಯದನ್ನು ತೆಗೆದು ಹೊಸದನ್ನು ಇಡುವುದಿಲ್ಲ, ಎರಡನ್ನೂ ಬೆರೆಸುತ್ತದೆ. ಬೆಳಿಗ್ಗೆ ತಪ್ಪಾಗಿ ಸೇರಿಸಿದ ಒಂದು ಸ್ಟ್ಯಾಟಿಕ್ ರೂಟ್ (ಕೈಯಿಂದ ಬರೆದ ದಾರಿ), ಈ ‘ಮರುಸ್ಥಾಪನೆ’ಯ ಬಳಿಕವೂ ಹಾಗೆಯೇ ಉಳಿದಿರುತ್ತದೆ. ಮೇಲೆ ಹೇಳಿದ 2142ರ ವಿಧಾನದಲ್ಲಿ ಇಂಟರ್‌ಫೇಸ್‌ಗಳೆಲ್ಲ (ಜಾಲಕ್ಕೆ ಜೋಡಿಸುವ ದ್ವಾರಗಳು) ಮುಚ್ಚಿಯೇ ಇರುವುದಕ್ಕೂ ಇದೇ ಕಾರಣ: ಉಳಿಸಿದ ಸಂರಚನೆಯಲ್ಲಿ ‘ನೋ ಶಟ್‌ಡೌನ್’ ಎಂಬ ಸಾಲು ಬರೆದಿರುವುದಿಲ್ಲ, ಆದ್ದರಿಂದ ಬೆರೆತ ಮೇಲೂ ಅವು ತೆರೆಯುವುದಿಲ್ಲ, ಒಂದೊಂದನ್ನೂ ಕೈಯಿಂದಲೇ ತೆರೆಯಬೇಕು. ಅದೇ ಕಾಪಿ ಆದೇಶವನ್ನು ತಿರುಗಿಸಿ ರನ್ನಿಂಗ್-ಕಾನ್ಫಿಗನ್ನು ಎನ್‌ವಿರ‍್ಯಾಮ್‌ಗೆ ಬರೆದರೆ ಮಾತ್ರ ಅಲ್ಲಿದ್ದದ್ದು ಪೂರ್ತಿಯಾಗಿ ಅಳಿದು ಹೊಸದು ಕೂರುತ್ತದೆ. ದಿಕ್ಕು ಬದಲಾದರೆ ಅರ್ಥ ಬದಲಾಗುವ ಇಂಥ ಕ್ರಿಯೆಗೆ ಎರಡೂ ಕಡೆ ‘ನಕಲು’ ಎಂದರೆ ಓದುವವರಿಗೆ ಅನ್ಯಾಯವಾಗುತ್ತದೆ. ಮೊದಲನೆಯದಕ್ಕೆ ‘ಬೆರೆಸು’, ಎರಡನೆಯದಕ್ಕೆ ‘ಉಳಿಸು’ ಎಂದು ಬರೆದು, ‘ಮರುಸ್ಥಾಪನೆ’ಯನ್ನು ಕಾನ್ಫಿಗರ್ ರಿಪ್ಲೇಸ್ ಆದೇಶಕ್ಕೆ ಮಾತ್ರ ಮೀಸಲಿಡುವುದು ನನ್ನ ಯೋಚನೆ, ಏಕೆಂದರೆ ಬೇಡದ ಸಾಲುಗಳನ್ನು ತೆಗೆದುಹಾಕಿ ಸಂರಚನೆಯನ್ನು ನಿಜವಾಗಿ ಹಿಂದಿನಂತೆ ಮಾಡುವುದು ಅದೇ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಸಂದೇಹವಿದೆ. ರನ್ನಿಂಗ್-ಕಾನ್ಫಿಗ್‌ಗೆ ‘ಚಾಲ್ತಿ ಸಂರಚನೆ’ ಚೆನ್ನಾಗಿ ಹೊಂದುತ್ತದೆ; ಚಾಲ್ತಿ ಖಾತೆ ಎನ್ನುವವರಿಗೆ ಅದನ್ನು ವಿವರಿಸಬೇಕಾಗಿಲ್ಲ. ರೌಟರ್ ಏಳುವಾಗ ಓದುವ ಸ್ಟಾರ್ಟಪ್-ಕಾನ್ಫಿಗ್‌ಗೆ ‘ಆರಂಭಿಕ ಸಂರಚನೆ’ ಎಂದರೆ ಮಾತ್ರ, ಕಾರ್ಖಾನೆಯಿಂದ ಬಂದಾಗ ಇದ್ದದ್ದು ಎಂಬ ಅರ್ಥ ಹೊರಡುತ್ತದೆ, ನಿಜವಾಗಿ ಅದು ನಾವು ಕೊನೆಯ ಬಾರಿ ಉಳಿಸಿದ್ದು. ಸದ್ಯಕ್ಕೆ ‘ಉಳಿಸಿಟ್ಟ ಸಂರಚನೆ’ ಎಂದು ಬರೆದಿದ್ದೇನೆ. ಆದರೆ ಅದನ್ನು ಓದಿದವರಿಗೆ ಬೇರೊಂದು ಗಣಕದಲ್ಲಿ ಇಟ್ಟ ಬ್ಯಾಕಪ್ ಪ್ರತಿ ಎಂದೂ ತೋರಬಹುದು. ರೌಟರ್ ಏಳುವಾಗ ಓದುವ ಪ್ರತಿ ಎಂಬ ಮುಖ್ಯ ಸಂಗತಿ ಅದರಲ್ಲಿ ಬರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಕೇಳುವುದು ಎರಡು. ‘ಎಬ್ಬಿಸು’ ಎಂಬುದರಿಂದ ಅಧ್ಯಾಯದ ಶೀರ್ಷಿಕೆಗೆ ಒಗ್ಗುವ ನಾಮಪದ ಬಳಕೆಯಲ್ಲಿದೆಯೇ, ಅಥವಾ ‘ಏಳದ ರೌಟರನ್ನು ಎಬ್ಬಿಸುವುದು’ ಎಂದು ಬಿಡಿಸಿಯೇ ಬರೆಯುವುದು ಮೇಲೇ? ಮತ್ತು ಸ್ಟಾರ್ಟಪ್-ಕಾನ್ಫಿಗ್‌ಗೆ, ಉಳಿಸಿದ್ದು ಹಾಗೂ ಏಳುವಾಗ ಓದುವುದು ಎಂಬ ಎರಡು ಅರ್ಥಗಳನ್ನೂ ಹೊರಬಲ್ಲ, ಎರಡು ಪದಗಳಿಗೆ ಮೀರದ ಹೆಸರು ತಮಗೆ ಹೊಳೆಯುತ್ತದೆಯೇ?