ಸಹಾಯ ಬೇಕು: ಸ್ಯಾಂಪಲ್ ದರ ಮೂರು ಪಟ್ಟು ಏರಿಸಿದ ಮೇಲೆ ಉಳಿಯುವ ಒಂದು ಗೆರೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಓಣಿಯ ಹಿರಿಯರು ಹಾಡಿದ ತತ್ವಪದಗಳನ್ನು ಸೆಕೆಂಡಿಗೆ 16,000 ಸ್ಯಾಂಪಲ್‌ಗಳಂತೆ ರೆಕಾರ್ಡ್ ಮಾಡಿಕೊಂಡಿದ್ದು, ಅವನ್ನು 48,000ಕ್ಕೆ ಏರಿಸಲು ಪ್ರತಿ ಎರಡು ಸ್ಯಾಂಪಲ್‌ಗಳ ನಡುವೆ ಎರಡು ಸೊನ್ನೆಗಳನ್ನು ಸೇರಿಸಿ, 8 ಕಿಲೋಹರ್ಟ್ಸ್‌ಗಿಂತ ಮೇಲೆ ಮೂಡುವ ಪ್ರತಿಬಿಂಬಗಳನ್ನು (ಮೂಲ ಧ್ವನಿಯ ನಕಲುಗಳನ್ನು) ತಡೆಯಲು 255 ಗುಣಾಂಕಗಳ (ಸ್ಯಾಂಪಲ್‌ಗಳನ್ನು ಗುಣಿಸುವ ಸಂಖ್ಯೆಗಳ) ಲೋ-ಪಾಸ್ ಫಿಲ್ಟರ್ (ಕೆಳಗಿನ ಆವರ್ತನಗಳನ್ನಷ್ಟೇ ಬಿಡುವ ಸೋಸುಕ) ಹಾಕಿದ್ದೇನೆ. ಸೊನ್ನೆಗಳಿಂದ ತಗ್ಗುವ ಮಟ್ಟವನ್ನು ಸರಿದೂಗಿಸಲು ಗೇನ್ (ವರ್ಧನೆ) 3 ಇಟ್ಟಿದ್ದೇನೆ (ಮೊದಲ ದಿನ ಇದನ್ನು ಮರೆತು, ತಪ್ಪೆಲ್ಲ ಮೈಕಿನದೆಂದು ಬೈದಿದ್ದೆ).

ಸೊನ್ನೆಗಳೊಡನೆ ಗುಣಾಕಾರ ವ್ಯರ್ಥವೆಂದು ಫಿಲ್ಟರನ್ನು ತಲಾ 85 ಗುಣಾಂಕಗಳ ಮೂರು ಪಾಲಿಫೇಸ್ ಕವಲುಗಳಾಗಿ (ಸರದಿಯಂತೆ ಒಂದೊಂದು ಹೊಸ ಸ್ಯಾಂಪಲ್ ಕೊಡುವ ಕಿರು ಫಿಲ್ಟರುಗಳಾಗಿ) ಒಡೆದು, ಗುಣಾಂಕಗಳನ್ನು 8 ಬಿಟ್‌ಗೆ ಇಳಿಸಿದಾಗಿನಿಂದ, ಹಾಡು ನಿಂತ ಕಡೆಯೂ ಸ್ಪೆಕ್ಟ್ರೋಗ್ರಾಮಿನಲ್ಲಿ (ಯಾವ ಕ್ಷಣ ಯಾವ ಆವರ್ತನವಿದೆಯೆಂದು ತೋರಿಸುವ ಚಿತ್ರದಲ್ಲಿ) ಸರಿಯಾಗಿ 16 ಕಿಲೋಹರ್ಟ್ಸ್ ಬಳಿ ಕೂದಲೆಳೆಯಂಥ ಗೆರೆ ಕಾಣುತ್ತಿದೆ. ಕವಲುಗಳ ಗುಣಾಂಕಗಳ ಮೊತ್ತ 0.997, 1.006, 0.997 ಬರುತ್ತಿದ್ದು, ಈ ಏರಿಳಿತ ಪ್ರತಿ ಮೂರು ಹೊಸ ಸ್ಯಾಂಪಲ್‌ಗಳಿಗೊಮ್ಮೆ, ಅಂದರೆ ಸೆಕೆಂಡಿಗೆ 16,000 ಬಾರಿ, ಮರುಕಳಿಸುವುದರಿಂದ, ರೆಕಾರ್ಡಿಂಗಿನಲ್ಲಿರುವ ಡಿಸಿ ಅಂಶವೇ (ಬದಲಾಗದ ಸ್ಥಿರ ಮಟ್ಟವೇ) ಹೀಗೆ ಮೇಲೇರಿದೆಯೆಂದು ನನ್ನ ಅನುಮಾನ. ಪ್ರತಿ ಕವಲಿನ ಮೊತ್ತವನ್ನು 1ಕ್ಕೆ ತರಲು ಯಾವ ಗುಣಾಂಕಗಳನ್ನು ತಿದ್ದಿದರೆ ಫಿಲ್ಟರಿನ ಎಡ-ಬಲ ಸಮ್ಮಿತಿ ಕೆಡುವುದಿಲ್ಲ, ಅಥವಾ ಡಿಸಿಯನ್ನು ಮೊದಲೇ ತೆಗೆಯುವುದು ಮೇಲೋ, ದಯವಿಟ್ಟು ಬಲ್ಲವರು ತಿಳಿಸಿರಿ.