‘ಮುಳ್ಳು ಕರಗಿಸುವ’ ವಿಡಿಯೊ: ಫಿಸಿಯೊ ಬ್ಯಾಚ್ ಗುಂಪಿನ ಜಗಳ

ಪ್ರಸನ್ನ: [ಫಾರ್ವರ್ಡ್ ಆದ ವಿಡಿಯೊ] “ಬೆನ್ನುಮೂಳೆಯಲ್ಲಿ ಬೆಳೆದ ಮುಳ್ಳು 21 ದಿನದಲ್ಲಿ ಮಾಯ! ಕ್ಯಾಲ್ಸಿಯಂ ಮಾತ್ರೆ ಇಂದೇ ನಿಲ್ಲಿಸಿ. ಖಾಲಿ ಹೊಟ್ಟೆಗೆ ನಿಂಬೆರಸ. ದಿನಕ್ಕೆ 50 ಭುಜಂಗಾಸನ.”

ಪ್ರಸನ್ನ: ನಿಂಬೆಹಣ್ಣಿನ ಮಾತು ಬಿಡಿ, ವ್ಯಾಯಾಮ ಒಳ್ಳೇದೇ ಅಲ್ವಾ? ನಮ್ಮನೆ ಗುಂಪಿಗೂ ಹಾಕಿದೀನಿ.

ಶೋಭಾ: ಮೊದಲು ಅಲ್ಲಿಂದ ತೆಗಿಯೋ. ಅದರಲ್ಲಿ ವ್ಯಾಯಾಮದ ಭಾಗವೇ ಅಪಾಯ.

ನಾಗರಾಜ: ಅದ್ಯಾಕೆ? ನಾವು ಹೇಳಿಕೊಡೋ ಪ್ರೋನ್ ಪ್ರೆಸ್‌ಅಪ್ (ಬೋರಲು ಮಲಗಿ ಕೈಯೂರಿ ಎದೆ ಎತ್ತೋದು) ಇನ್ನೇನು ಮತ್ತೆ, ಭುಜಂಗಾಸನದ ತಮ್ಮನೇ.

ಶೋಭಾ: ಕಶೇರುಕಗಳ (ಬೆನ್ನುಮೂಳೆಯ ಮಣಿಗಳ) ನಡುವಿನ ಮೆತ್ತೆ, ಅಂದ್ರೆ ಡಿಸ್ಕ್, ಉಬ್ಬಿ, ಕೂತರೆ ಬಗ್ಗಿದರೆ ನೋವು ಹೆಚ್ಚೋರಿಗೆ ಅದು ಸರಿ. ಈ ವಿಡಿಯೊ ಯಾರ ಕೈಗೆ ಹೋಗುತ್ತೆ? ಎಕ್ಸ್‌ರೇ ರಿಪೋರ್ಟಲ್ಲಿ ಆಸ್ಟಿಯೋಫೈಟ್ (ಇದೇ ಮುಳ್ಳು) ಅಂತ ಓದಿ ಗಾಬರಿಯಾದ ಅರವತ್ತು ದಾಟಿದವರ ಕೈಗೆ. ಅವರಲ್ಲಿ ಡಿಸ್ಕ್ ಸವೆದು ಕುಳ್ಳಗಾಗಿರುತ್ತೆ, ಕಶೇರುಕಗಳ ಹಿಂಬದಿಯ ಫೆಸೆಟ್ ಕೀಲು ದಪ್ಪ ಆಗಿರುತ್ತೆ, ಮೂಳೆಗಳನ್ನ ಕಟ್ಟಿಹಿಡಿಯೋ ಒಳಗಿನ ಲಿಗಮೆಂಟ್ ಸುಕ್ಕುಗಟ್ಟಿ ನರದ ದಾರಿಗೆ ಬಂದಿರುತ್ತೆ. ಹಿಂದಕ್ಕೆ ಬಾಗಿದರೆ ಆ ದಾರಿ ಇನ್ನೂ ಕಿರಿದಾಗುತ್ತೆ, ಮುಂದಕ್ಕೆ ಬಾಗಿದರೆ ಅಗಲ ಆಗುತ್ತೆ. ಅಂಥೋರಿಗೆ 50 ಭುಜಂಗಾಸನ ಅಂದ್ರೆ 50 ಸಲ ನರ ಅಮುಕಿದ ಹಾಗೆ.

ನಾಗರಾಜ: ಮುಳ್ಳು ಇದ್ದವರಿಗೆಲ್ಲ ದಾರಿ ಕಿರಿದಾಗಿರಲ್ಲ. ಆ ವಯಸ್ಸಿನ ಬಹಳ ಜನರ ಎಕ್ಸ್‌ರೇಲಿ ಮುಳ್ಳು ಕಾಣುತ್ತೆ, ನೋವೇ ಇರಲ್ಲ. ಎಲ್ಲರಿಗೂ ‘ಬಾಗಬೇಡಿ’ ಅಂದರೆ ಹೆದರಿ ಓಡಾಡೋದೇ ಬಿಡ್ತಾರೆ.

ಶೋಭಾ: ಅದಕ್ಕೇ ಎಕ್ಸ್‌ರೇ ಪಕ್ಕಕ್ಕಿಟ್ಟು ನಡಿಗೆ ವಿಚಾರಿಸಬೇಕು. ಎಷ್ಟು ನಿಮಿಷಕ್ಕೆ ಕಾಲು ಸೆಳೆಯುತ್ತೆ, ಜೋಮು ಹಿಡಿಯುತ್ತೆ? ತಳ್ಳುಗಾಡಿ ಮೇಲೆ ಬಗ್ಗಿ ನಡೆದರೆ, ಸೈಕಲ್ ತುಳಿದರೆ ಹಗುರಾನಾ? ಕೂತರೆ, ಮುಂದೆ ಬಾಗಿದರೆ ಮಾತ್ರ ಕಡಿಮೆಯಾಗೋದು ಸಾಮಾನ್ಯವಾಗಿ ನರದ ನೋವು. ನೆಟ್ಟಗೆ ಸುಮ್ಮನೆ ನಿಂತರೂ ಕಡಿಮೆಯಾದರೆ ಪಾದದ ನಾಡಿ ಮುಟ್ಟಿ ನೋಡು, ರಕ್ತನಾಳದ್ದಿರಬಹುದು. ಸಕ್ಕರೆ ಕಾಯಿಲೆ, ಬೀಡಿ ಚಟ ಇದ್ದವರಲ್ಲಿ ಇದನ್ನ ಮರೆಯಲೇಬಾರದು.

ಫರ್ಜಾನಾ: ಕ್ಯಾಲ್ಸಿಯಂ ನಿಲ್ಲಿಸಿ ಅಂದಿದ್ದಾರಲ್ಲ, ಅದು ಯಾರ ಕಣ್ಣಿಗೂ ಬೀಳಲಿಲ್ವಾ? ನನಗೆ ಸಿಟ್ಟು ಬಂದಿದ್ದೇ ಅಲ್ಲಿ. ಊಟದ ಕ್ಯಾಲ್ಸಿಯಂ ಜಾಸ್ತಿಯಾಗಿ ಮುಳ್ಳು ಬೆಳೆಯಲ್ಲ. ಸಡಿಲಾದ ಕಡೆ ಭಾರ ಹಂಚೋಕೆ ದೇಹವೇ ಅಂಚಿನಲ್ಲಿ ಮೂಳೆ ಕಟ್ಟುತ್ತೆ. ಮೂಳೆ ಟೊಳ್ಳಾಗಿರೋ ಅಜ್ಜಿ ಮಾತ್ರೆ ಬಿಟ್ಟರೆ ಕಷ್ಟ. ಮುಳ್ಳೂ ಟೊಳ್ಳೂ ಒಂದೇ ಬೆನ್ನಲ್ಲಿ ಇರುತ್ತೆ! ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನಲ್ಲಿ ಮುಳ್ಳು ಕೂಡ ಲೆಕ್ಕಕ್ಕೆ ಸೇರಿ ಸೊಂಟದ ಮೂಳೆ ಗಟ್ಟಿ ಅನ್ನೋ ಹಾಗೆ ಕಾಣುತ್ತೆ. ತೊಡೆಮೂಳೆ ಕುತ್ತಿಗೆಯ ಸಂಖ್ಯೆ ನೋಡಬೇಕು.

ಫರ್ಜಾನಾ: ಶೋಭಾ, ಇದೇ ಕಾರಣಕ್ಕೆ ನಿನ್ನ ‘ಮುಂದಕ್ಕೆ ಬಾಗೋದು’ ಕೂಡ ನಾನು ಹಾಗೇ ಒಪ್ಪಲ್ಲ. ಟೊಳ್ಳು ಮೂಳೆಯವರು ಕಾಲ್ಬೆರಳು ಮುಟ್ಟೋದು, ಸಿಟ್‌ಅಪ್, ಪಶ್ಚಿಮೋತ್ತಾನಾಸನ ಮಾಡಿದರೆ ಕಶೇರುಕದ ಮುಂಭಾಗ ಕುಸಿಯಬಹುದು.

ಶೋಭಾ: ಈ ಮಾತು ನಾನೇ ಮೊದಲು ಹೇಳಬೇಕಿತ್ತು. ನಿಂತು, ಕೂತು ಬಾಗೋದು ಬೇಡ. ಮಲಗಿ ಮಾಡಲಿ. ಮಂಡಿ ಮಡಚಿ, ಹೊಟ್ಟೆ ಮೆಲ್ಲಗೆ ಬಿಗಿಹಿಡಿದು ಸೊಂಟದ ಟೊಳ್ಳು ನೆಲಕ್ಕೆ ತಾಗೋ ಹಾಗೆ 5 ಸೆಕೆಂಡ್, 10 ಸಲ, ದಿನಕ್ಕೆರಡು ಹೊತ್ತು. ಇಲ್ಲಿ ಎಲ್ಲರೂ ಉಸಿರು ಕಟ್ಟುತ್ತಾರೆ, ಬಿಪಿ ಏರುತ್ತೆ. ಜೋರಾಗಿ ಎಣಿಸೋಕೆ ಹೇಳಿದರೆ ತಾನಾಗಿ ಉಸಿರಾಡ್ತಾರೆ. ಆಮೇಲೆ ಒಂದೊಂದೇ ಮಂಡಿ ಎದೆ ಕಡೆಗೆ, 15 ಸೆಕೆಂಡ್, 3 ಸಲ. ಮೂಳೆ ಜಾಸ್ತಿ ಟೊಳ್ಳಾಗಿದ್ದರೆ ಇದೂ ಬೇಡ, ಮೊದಲನೇದು ಸಾಕು.

ನಾಗರಾಜ: ನಡಿಗೆ ಬಿಟ್ಟಿರಲ್ಲ. 6 ನಿಮಿಷಕ್ಕೆ ಸೆಳೆತ ಬರೋರು 4 ನಿಮಿಷಕ್ಕೇ ಕೂತು, ಎದ್ದು ಮತ್ತೆ 4, ಹೀಗೆ ಐದಾರು ಸುತ್ತು. ನೋವು ಬರೋವರೆಗೆ ಹಲ್ಲುಕಚ್ಚಿ ನಡೆದರೆ ಮಾರನೇ ದಿನ ಹಾಸಿಗೆ ಬಿಟ್ಟು ಏಳಲ್ಲ. ನೋವು ಕಾಲಿಂದ ಸೊಂಟಕ್ಕೆ ಹಿಂದೆ ಸರಿದರೆ ವ್ಯಾಯಾಮ ಮುಂದುವರಿಸಿ, ಕಾಲಿಗೆ ಇಳಿದರೆ ಆ ವ್ಯಾಯಾಮ ನಿಲ್ಲಿಸಿ. ಭುಜಂಗಾಸನಕ್ಕೂ ಇದೇ ಪರೀಕ್ಷೆ, ನಿಷೇಧ ಅಲ್ಲ.

ಶೋಭಾ: ಸರಿ, ನಿಷೇಧ ಅನ್ನೋದು ವಾಪಸ್ ತಗೊಂಡೆ.

ಫರ್ಜಾನಾ: ನೋವಿನ ಮಾತ್ರೆ ಡೈಕ್ಲೋಫೆನ್ಯಾಕ್ ಬಗ್ಗೆ ಒಂದು ಸಾಲು ಸೇರಿಸಿ. ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ಜೊತೆಗೆ ನೀರಿಳಿಸೋ ಮಾತ್ರೆನೂ ತಗೊಳ್ಳೋರು ಅದನ್ನ ತಾವೇ ಅಂಗಡಿಯಿಂದ ತಂದು ದಿನಾ ನುಂಗಿದರೆ ಕಿಡ್ನಿಗೆ ಮೂರೂ ಸೇರಿ ಹೊಡೆತ.

ಪ್ರಸನ್ನ: ಮನೆ ಗುಂಪಿಂದ ಅಳಿಸಿದೆ. ಬದಲಿಗೆ ಇದು ಹಾಕಲಾ? “ಮುಳ್ಳನ್ನು ಯಾವ ಆಹಾರವೂ ಕರಗಿಸಲ್ಲ, ಆದರೆ ಮುಳ್ಳು ಇದ್ದೂ ನೋವು ಕಡಿಮೆಯಾಗುತ್ತೆ. ಕ್ಯಾಲ್ಸಿಯಂ ನೀವಾಗಿ ನಿಲ್ಲಿಸಬೇಡಿ. ಸೊಂಟದ ನೋವನ್ನು ಕಾಲಿನ ಕಡೆಗೆ ಹರಡಿಸುವ ವ್ಯಾಯಾಮ ಬಿಡಿ. ಬಿಪಿ ಮಾತ್ರೆ ತಗೊಳ್ಳೋರು ಕೇಳದೆ ನೋವಿನ ಮಾತ್ರೆ ನುಂಗಬೇಡಿ. ಮೂತ್ರ ಕಟ್ಟಿದರೆ, ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆ.”

ಫರ್ಜಾನಾ: ಕೊನೇ ಸಾಲನ್ನ ಮೊದಲಿಗೆ ತಾ. ಅರ್ಧ ಓದಿ ಬಿಡೋರಿಗೂ ಅದು ಸಿಗಬೇಕು. ‘ಅದೇ ದಿನ’ ತೆಗೆದು ‘ಅದೇ ಗಳಿಗೆ’ ಅಂತ ಮಾಡು.